ಪಾತ್ರಾಪಾತ್ರದ ತಕ್ಕಡಿ

ನಮ್ಮ ನಗರಗಳ ಸಭ್ಯಸಮಾಜದಲ್ಲಿ ಬಹುಕಾಲದಿಂದ ಬೇರೂರಿ, ಈಗ ಯಾರೂ ಪ್ರಶ್ನಿಸದಷ್ಟು ಬಲಿತು ನಿಂತಿರುವ ಅಭಿಪ್ರಾಯವೊಂದುಂಟು. ಬಡವರ ಕೇರಿಗಳಲ್ಲಿ ಚರ್ಚಿನವರು ನಡೆಸುವ ಗಂಜಿಮನೆ, ರಾತ್ರಿಯ ತಂಗುದಾಣ, ಔಷಧಶಾಲೆ, ಚಳಿಗಾಲದ ಕಂಬಳಿ ಹಂಚಿಕೆ ಇವುಗಳ ಪ್ರಸ್ತಾಪ ಬಂದೊಡನೆ ತಿಳಿದವರೆನ್ನಿಸಿಕೊಂಡವರು, 'ಉದ್ದೇಶವೇನೋ ಒಳ್ಳೆಯದೇ. ಆದರೆ ಕೇಳಿದವರಿಗೆಲ್ಲ ಕೊಡುತ್ತ ಹೋದರೆ ಜನ ದುಡಿಮೆಯನ್ನು ಬಿಟ್ಟು ಕೈಯೊಡ್ಡುವುದನ್ನೇ ಕಲಿಯುತ್ತಾರೆ. ಯೋಗ್ಯರಾರು ಅಯೋಗ್ಯರಾರು ಎಂದು ಮೊದಲು ವಿಚಾರಿಸಿ, ಆಮೇಲೆ ಕೊಡತಕ್ಕದ್ದು. ಅಪಾತ್ರದಾನದಿಂದ ಕೊಟ್ಟವನಿಗೂ ಕೇಡು, ಕೊಂಡವನಿಗೂ ಕೇಡು' ಎನ್ನುತ್ತಾರೆ. ಹೀಗೆ ಹೇಳುವವರು ಕ್ರೂರಿಗಳಲ್ಲ. ಅವರಲ್ಲಿ ಬಹುಮಂದಿ ಸಜ್ಜನರು, ನೆರೆಹೊರೆಯವರ ಕಷ್ಟಕ್ಕೆ ಮರುಗುವವರು. ಈ ಅಭಿಪ್ರಾಯವನ್ನು ಖಂಡಿಸಬೇಕಾದ ಅಗತ್ಯ ಅದರಿಂದಲೇ ಹೆಚ್ಚಾಗಿದೆ. ದುಷ್ಟರ ಬಾಯಿಂದ ಬಂದ ತಪ್ಪು ಇಷ್ಟು ದೂರ ಹಬ್ಬಲಾರದಾಗಿತ್ತು. ಅದು ಬೇರಿನಿಂದ ತುದಿಯವರೆಗೆ ತಪ್ಪೆಂದು ನಾನು ನಂಬಿದ್ದೇನೆ. ಹಾಗೆ ನಂಬುವಂತೆ ಮಾಡಿದ ಸಂಗತಿಗಳನ್ನು ಓದುಗರ ಮುಂದಿಡುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಲವು ವರ್ಷಗಳ ಹಿಂದೆ, ಬೆಂಗಳೂರಿನ ದಂಡುಪ್ರದೇಶದಲ್ಲಿ, ಒಂದು ಚರ್ಚಿನ ಹೊರಾವರಣದಲ್ಲಿ, ಮಾಗಿಯ ಚಳಿಗೆ ಕಂಬಳಿ ಹಂಚುವ ಸಮಿತಿಯೊಂದರಲ್ಲಿ ನಾನು ಕುಳಿತಿದ್ದೆ. ನಾನು ಆ ಮತದವನಲ್ಲ, ನೆರೆಯವನೆಂದು ಕರೆದಿದ್ದರು. ಸಮಿತಿಯವರು ಒಂದು ಪ್ರಶ್ನಾವಳಿಯನ್ನು ಅಚ್ಚುಹಾಕಿಸಿದ್ದರು: ಕುಟುಂಬದಲ್ಲಿ ಎಷ್ಟು ಜನ, ದುಡಿಯುವವರೆಷ್ಟು, ಕುಡಿತದ ಚಟವುಂಟೆ, ಬೇರೆಡೆ ಸಹಾಯ ಪಡೆದದ್ದುಂಟೆ ಎಂದು ಮುಂತಾಗಿ. ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತು. ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಬಂದ ಒಬ್ಬ ಹೆಂಗಸನ್ನು, 'ಗಂಡ ಏನು ಮಾಡ್ತಾನಮ್ಮ? ಕುಡೀತಾನಾ?' ಎಂದು, ಹಿಂದೆ ನಿಂತವರಿಗೆಲ್ಲ ಕೇಳಿಸುವಂತೆ, ನಾನೇ ಕೇಳಿದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, 'ಬ್ಯಾಡ ಬುಡಿ ಸಾಮಿ' ಎಂದು ಸಾಲು ಬಿಟ್ಟು ಹೊರಟುಹೋದಳು. ಆ ಸಂಜೆ ಉಳಿದ ಕಂಬಳಿಗಳನ್ನು ಎಣಿಸಿ ಬೀಗ ಹಾಕುವಾಗ, ಅಯೋಗ್ಯರ ಕೈಗೆ ಏನೂ ಹೋಗಲಿಲ್ಲವೆಂದು ಸಮಿತಿಯವರು ಸಮಾಧಾನಪಟ್ಟರು. ನನಗೆ ಆ ಸಮಾಧಾನ ದೊರೆಯಲಿಲ್ಲ. ಅದೇಕೆ ದೊರೆಯಲಿಲ್ಲವೆಂದು ಅಂದಿನಿಂದ ಯೋಚಿಸುತ್ತ ಬಂದಿದ್ದೇನೆ.

ಮೊದಲು ಮಾತಿನ ವಿಚಾರವನ್ನು ಮುಗಿಸಿಬಿಡೋಣ. ಪಾತ್ರಾಪಾತ್ರವಿವೇಕವೆಂಬುದು ನಮ್ಮ ಶಾಸ್ತ್ರದಲ್ಲೇ ಉಂಟಲ್ಲವೆ ಎಂದು ಕೇಳುವವರಿದ್ದಾರೆ. ಉಂಟು, ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ತ್ವಿಕದಾನವನ್ನು ವಿವರಿಸುವಲ್ಲಿ ದೇಶ, ಕಾಲ, ಪಾತ್ರಗಳನ್ನು ಹೆಸರಿಸುತ್ತದೆ. ಆದರೆ ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದೇ ಸಾತ್ತ್ವಿಕವೆಂಬ ಮಾತೂ ಅದೇ ಶ್ಲೋಕದಲ್ಲಿದೆ. ಅದನ್ನು ನೆನೆಯುವವರು ಕಡಮೆ. ಭೂಮಿ, ಗೋವು, ಸುವರ್ಣಗಳ ದಾನದಲ್ಲಿ ವಿದ್ಯೆಯನ್ನೂ ಶೀಲವನ್ನೂ ಪರೀಕ್ಷಿಸಿದ ಸಂಪ್ರದಾಯವು ಅನ್ನದ ಮಾತು ಬಂದಾಗ ಹಸಿದವನೇ ಪಾತ್ರನೆಂದು ನಿರ್ಣಯಿಸಿತು. ಪಾತ್ರವೆಂದರೆ ಬಟ್ಟಲು ತಾನೆ? ಬಟ್ಟಲು ಬರಿದಾಗಿರುವುದೇ ಅದಕ್ಕೆ ಬಡಿಸುವುದಕ್ಕೆ ಸಾಕಾದ ಕಾರಣ. ಧರ್ಮಸ್ಥಳದ ಪಂಕ್ತಿಯಲ್ಲಿ ಕುಳಿತವನನ್ನು ಯಾರೂ ಅವನ ದುಡಿಮೆಯ ಲೆಕ್ಕ ಕೇಳುವುದಿಲ್ಲ. ಶರಣರ ದಾಸೋಹದಲ್ಲಂತೂ ಕೊಡುವವನೇ ದಾಸನಾದುದರಿಂದ ಬಂದವನನ್ನು ತೂಗಿನೋಡುವ ಅಧಿಕಾರವೇ ಅವನಿಗೆ ಇಲ್ಲವಾಯಿತು. ಹೀಗಿರಲು, ಸಮಿತಿಯ ಮೇಜಿನ ಮೇಲೆ ಇಟ್ಟಿದ್ದ ಪ್ರಶ್ನಾವಳಿ ನಮ್ಮ ಋಷಿಗಳಿಂದಾಗಲಿ ಶರಣರಿಂದಾಗಲಿ ಬಂದದ್ದಲ್ಲ. ಅದರ ವಂಶಾವಳಿಯನ್ನು ಬೇರೆ ಕಡೆ ಹುಡುಕಬೇಕು.

ಹುಡುಕಿದರೆ ಅದು 1834ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಬಡವರ ಕಾನೂನಿನ ತಿದ್ದುಪಡಿಗೆ ನಮ್ಮನ್ನು ಕರೆದೊಯ್ಯುತ್ತದೆ. ಸಹಾಯ ಪಡೆಯುವವನ ಸ್ಥಿತಿಯು ದುಡಿಯುವವರಲ್ಲಿ ಅತ್ಯಂತ ಕೆಳಗಿನವನ ಸ್ಥಿತಿಗಿಂತಲೂ ಕೀಳಾಗಿರಲೇಬೇಕು, ಇಲ್ಲದಿದ್ದರೆ ಎಲ್ಲರೂ ಸಹಾಯಕ್ಕೇ ಬಂದಾರು ಎಂಬುದು ಆ ಕಾನೂನಿನ ತತ್ತ್ವ. ಗಂಡನನ್ನು ಹೆಂಡತಿಯಿಂದಲೂ ಮಕ್ಕಳನ್ನು ತಾಯಿಯಿಂದಲೂ ಅಗಲಿಸಿ, ಸಮವಸ್ತ್ರ ತೊಡಿಸಿ ಇಡುತ್ತಿದ್ದ ವರ್ಕ್‌ಹೌಸುಗಳು ಈ ತತ್ತ್ವದ ಕಟ್ಟಡಗಳು. 1869ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಅದೇ ತತ್ತ್ವವನ್ನು ಖಾಸಗಿ ದಾನಕ್ಕೂ ಅನ್ವಯಿಸಿತು. ಭಿಕ್ಷಾಟನೆಯನ್ನು ಅಡಗಿಸುವುದೆಂಬ ಉದ್ದೇಶವನ್ನು ಅದು ತನ್ನ ಮೊದಲ ಹೆಸರಿನಲ್ಲೇ ಸೇರಿಸಿಕೊಂಡಿತ್ತು. ಅರ್ಜಿದಾರನ ಮನೆಗೆ ಹೋಗಿ ನೋಡುವುದು, ಮಾಲೀಕನನ್ನೂ ಪಾದ್ರಿಯನ್ನೂ ವಿಚಾರಿಸುವುದು, ಪ್ರತಿಯೊಬ್ಬನಿಗೂ ಒಂದು ಕಡತ ತೆರೆಯುವುದು, ಕೊನೆಗೆ ಸಮಿತಿಯಲ್ಲಿ ಕುಳಿತು ಇವನು ಅರ್ಹ, ಇವನು ಅನರ್ಹ ಎಂದು ತೀರ್ಪು ಬರೆಯುವುದು, ಇವೆಲ್ಲ ಆ ಸಂಘವು ಶಾಸ್ತ್ರವನ್ನಾಗಿ ಬೆಳೆಸಿದ ವಿಧಾನಗಳು. 1875ರಿಂದ ಸುಮಾರು ನಾಲ್ಕು ದಶಕಗಳ ಕಾಲ ಅದರ ಕಾರ್ಯದರ್ಶಿಯಾಗಿದ್ದ ಸಿ. ಎಸ್. ಲಾಕ್ ಮಹಾಶಯನು ಪ್ರಾಮಾಣಿಕನೂ ಪರಿಶ್ರಮಿಯೂ ಆಗಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ತತ್ತ್ವವು ಕಡಲು ದಾಟಿ ನಮ್ಮ ನಾಡಿಗೂ ಬಂದಿತೆಂಬುದನ್ನು ಕನ್ನಡಿಗರು ಮರೆಯಬಾರದು. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ, ಎಂದರೆ 1876ರಿಂದ 1878ರವರೆಗಿನ ಆ ಕರಾಳಕಾಲದಲ್ಲಿ, ವೈಸರಾಯ್ ಲಿಟ್ಟನ್ನನು ದಕ್ಷಿಣಕ್ಕೆ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಕೆಲವೇ ವರ್ಷಗಳ ಹಿಂದೆ ಬಿಹಾರದ ಕ್ಷಾಮದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಅಸಂಖ್ಯಾತ ಜೀವಗಳನ್ನುಳಿಸಿ, ಅದಕ್ಕಾಗಿಯೇ ದುಂದುಗಾರನೆಂಬ ನಿಂದೆಗೆ ಗುರಿಯಾಗಿದ್ದವನು. ಆ ನಿಂದೆಯಿಂದ ಅವನು ಕಲಿತ ಪಾಠದ ಫಲವನ್ನು ನಮ್ಮವರು ಉಣ್ಣಬೇಕಾಯಿತು. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಒಳಗೊಂಡಂತೆ ಬರಪೀಡಿತ ಜಿಲ್ಲೆಗಳ ಪರಿಹಾರಕಾಮಗಾರಿಗಳಲ್ಲಿ, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ರಾತ್ತಲು ಧಾನ್ಯ ಮತ್ತು ಅಲ್ಪಸ್ವಲ್ಪ ಕಾಸು ಸಾಕೆಂದು ಅವನು ಗೊತ್ತುಮಾಡಿದನು. ಹೆಚ್ಚು ಕೊಟ್ಟರೆ ಅನವಶ್ಯಕರೂ ಬಂದು ಸೇರಿಯಾರೆಂಬ ಭಯ, ಕೂಲಿ ಆಕರ್ಷಕವಾಗಿರಕೂಡದೆಂಬ ಅದೇ 1834ರ ತರ್ಕ! ಅಷ್ಟು ಧಾನ್ಯದಿಂದ ದುಡಿಯುವ ದೇಹ ಉಳಿಯಲಾರದೆಂದು ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷನು ಅಂಕಿಅಂಶಗಳೊಡನೆ ಪ್ರತಿಭಟಿಸಿದ ಮೇಲೆ, ತಿಂಗಳುಗಳು ಕಳೆದು, ಅದನ್ನು ಏರಿಸಿದರು. ಇತ್ತ ಬ್ರಿಟಿಷ್ ಕಮಿಷನ್ನಿನ ಆಡಳಿತದಲ್ಲಿದ್ದ ಮೈಸೂರು ಸೀಮೆಯಲ್ಲಿ 1871ರಲ್ಲಿ 50 ಲಕ್ಷಕ್ಕೂ ಮೀರಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷದ ಒಳಗಿಳಿದಿತ್ತು. ಅಷ್ಟೂ ಮರಣಗಳಿಗೆ ಈ ಒಂದು ತತ್ತ್ವವೇ ಕಾರಣವೆಂದು ನಾನು ಹೇಳುತ್ತಿಲ್ಲ. ಮಳೆ ಬರಲಿಲ್ಲ, ಸಾಗಣೆಯ ಸೌಕರ್ಯ ಸಾಲಲಿಲ್ಲ, ಆಡಳಿತ ಎಚ್ಚೆತ್ತುಕೊಳ್ಳಲಿಲ್ಲ. ಆದರೆ ಹಸಿದವನ ಮುಂದೆ ಅನ್ನವಿಟ್ಟುಕೊಂಡು, ಇವನಿಗೆ ನಿಜವಾಗಿ ಹಸಿವಿದೆಯೇ ಎಂದು ಪರೀಕ್ಷಿಸುವ ನೀತಿ ತನ್ನ ಪರಮಾವಧಿಯಲ್ಲಿ ಏನು ಮಾಡಬಲ್ಲುದೆಂಬುದನ್ನು ನಮ್ಮ ಮುತ್ತಜ್ಜಂದಿರ ಎಲುಬುಗಳು ಕಂಡಿವೆ. ಆ ನಾಡಿನಲ್ಲಿ ಹುಟ್ಟಿದವನು ಅದೇ ನೀತಿಯನ್ನು ವಿವೇಕವೆಂದು ಬಾಯಿಪಾಠವಾಗಿ ಒಪ್ಪಿಸುವುದನ್ನು ಕೇಳುವಾಗ ನನಗೆ ಸಂಕಟವಾಗುತ್ತದೆ.

ಈಗ ಮತ್ತೆ ಲಂಡನ್ನಿಗೆ ಹೋಗೋಣ. ಏಕೆಂದರೆ ವಿಷವು ಎಲ್ಲಿ ಹುಟ್ಟಿತೋ ಅಲ್ಲೇ, ಅದೇ ಓಣಿಗಳಲ್ಲಿ, ಅದಕ್ಕೆ ಪ್ರತ್ಯೌಷಧವೂ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಮಹಾನಗರದ ಪೂರ್ವಭಾಗ, ವೈಟ್‌ಚಾಪೆಲ್, ಸ್ಟೆಪ್ನಿ, ಲೈಮ್‌ಹೌಸ್, ಪಾಪ್ಲರ್ ಎಂಬ ಕೇರಿಗಳು, ಜಗತ್ತಿನ ಸಂಪತ್ತೆಲ್ಲ ಹಡಗಿನಿಂದಿಳಿಯುತ್ತಿದ್ದ ಬಂದರುಕಟ್ಟೆಗಳ ಪಕ್ಕದಲ್ಲೇ ಹಸಿವಿನ ಬೀಡಾಗಿದ್ದವು. ಹಡಗುಕಟ್ಟೆಯ ಕೂಲಿಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸೋಮಾರಿತನದ ವಿಚಾರವೆಲ್ಲ ಅದರಲ್ಲೇ ಅಡಗಿದೆ. ಬೆಳಗಿನ ಜಾವ ನೂರಾರು ಗಂಡಸರು ಕಟ್ಟೆಯ ಗೇಟಿನ ಮುಂದೆ ನೆರೆಯುತ್ತಿದ್ದರು. ಮೇಸ್ತ್ರಿ ಬಂದು, ಆ ದಿನ ಬಂದ ಹಡಗುಗಳಿಗೆ ಬೇಕಾದಷ್ಟು ಜನರನ್ನು ಕೈಸನ್ನೆಯಿಂದ ಆರಿಸಿಕೊಳ್ಳುತ್ತಿದ್ದನು. ಉಳಿದವರು ನಿಂತೇ ಇರಬೇಕು, ಮತ್ತೊಂದು ಹಡಗು ಬಂದೀತೆಂದು. ಗಾಳಿ ತಿರುಗಿ ಹಡಗು ತಡವಾದರೆ ಕೂಲಿಯಿಲ್ಲ. ಮಂಜು ಕವಿದರೆ ಕೂಲಿಯಿಲ್ಲ. ಆರಿಸಲ್ಪಟ್ಟವನಿಗೂ ಒಮ್ಮೊಮ್ಮೆ ಎರಡು ಗಂಟೆಯ ಕೆಲಸ ಮಾತ್ರ. ವಾರದಲ್ಲಿ ಎರಡು ದಿನ ಕೆಲಸ ದೊರೆತು ಐದು ದಿನ ಗೇಟಿನ ಮುಂದೆ ನಿಂತು ಹಿಂದಿರುಗಿದವನು ಮಧ್ಯಾಹ್ನದ ಹೊತ್ತು ಓಣಿಯ ಗೋಡೆಗೊರಗಿ ಕುಳಿತಿದ್ದಾಗ ಲಾಕನ ಸಂಘದ ವಿಚಾರಕನು ಬಂದು ನೋಡುತ್ತಾನೆ; ತನ್ನ ಕಡತದಲ್ಲಿ ಸೋಮಾರಿಯೆಂದು ಬರೆದುಕೊಳ್ಳುತ್ತಾನೆ. ನಸುಕಿನಲ್ಲಿ ಆ ಗೇಟಿನ ಮುಂದೆ ನಡೆದದ್ದನ್ನು ಅವನು ಕಂಡಿಲ್ಲ.

ಇದು ನನ್ನ ಊಹೆಯಲ್ಲ. ಚಾರ್ಲ್ಸ್ ಬೂತ್ ಎಂಬ ಹಡಗಿನ ವ್ಯಾಪಾರಿ ಸ್ವಂತ ಖರ್ಚಿನಲ್ಲಿ ಲಂಡನ್ನಿನ ಬಡತನವನ್ನು ಓಣಿ ಓಣಿಯಾಗಿ ಅಳೆದು, 1889ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದನು. ಪೂರ್ವಭಾಗದಲ್ಲಿ ನೂರಕ್ಕೆ 35 ಮಂದಿ ಬಡತನದಲ್ಲಿದ್ದರು. ಸುಮಾರು 4000 ಬಡ ಕುಟುಂಬಗಳ ಕಷ್ಟಕ್ಕೆ ಕಾರಣವೇನೆಂದು ವಿಂಗಡಿಸಿದಾಗ, ಕಡುಬಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸದ ಅಭಾವ, ಅನಿಶ್ಚಿತ ಕೂಲಿ, ಅಲ್ಪವೇತನಗಳೇ ಕಾರಣವಾಗಿದ್ದವು. ಕಾಲುಭಾಗಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ, ದೊಡ್ಡ ಸಂಸಾರ ಮೊದಲಾದ ಸಂದರ್ಭಗಳು ಕಾರಣ. ಕುಡಿತವೂ ದುಂದುಗಾರಿಕೆಯೂ ಅವುಗಳಿಗಿಂತ ಎಷ್ಟೋ ಹಿಂದೆ ಉಳಿದವು; ಶುದ್ಧ ಸೋಮಾರಿಗಳೆನ್ನಬಹುದಾದವರು ನೂರಕ್ಕೆ 4. ವಿಚಾರಣೆಯನ್ನು ನಿಂದಿಸುವ ನಾನು ಈ ವಿಚಾರಣೆಯನ್ನು ಹೇಗೆ ಕೊಂಡಾಡುತ್ತೇನೆ ಎಂದು ಯಾರಾದರೂ ಕೇಳಿಯಾರು. ಚಾರ್ಲ್ಸ್ ಬೂತನು ತಿಳಿಯುವುದಕ್ಕಾಗಿ ವಿಚಾರಿಸಿದನು. ಅವನ ಲೇಖನಿಯ ಗೀಟಿನಿಂದ ಯಾವ ಮಗುವಿನ ಬಟ್ಟಲೂ ಬರಿದಾಗುವಂತಿರಲಿಲ್ಲ. ತೀರ್ಪಿನ ಭಯವಿಲ್ಲದಲ್ಲಿ ಸತ್ಯ ಹೊರಬರುತ್ತದೆ. ತೀರ್ಪು ಕೊಡಲು ಕುಳಿತವನಿಗೆ ದೊರೆಯುವುದು ಅಂಜಿದವನ ಸುಳ್ಳು, ಇಲ್ಲವೆ ಮಾನವಂತನ ಮೌನ.

ಇನ್ನೊಬ್ಬ ಬೂತನಿದ್ದಾನೆ, ಇವನಿಗೂ ಅವನಿಗೂ ಸಂಬಂಧವಿಲ್ಲ. ವಿಲಿಯಂ ಬೂತನು ನಾಟಿಂಗ್‌ಹ್ಯಾಮಿನಲ್ಲಿ 1829ರಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿನಲ್ಲೇ ಗಿರವಿ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದವನು. ಸೋಮವಾರ ಕಂಬಳಿಯನ್ನೋ ಮದುವೆಯ ಉಂಗುರವನ್ನೋ ಒತ್ತೆಯಿಟ್ಟು ಶನಿವಾರ ಬಿಡಿಸಿಕೊಳ್ಳುವ ಹೆಂಗಸರ ಮುಖವನ್ನು ಗಿರವಿ ಅಂಗಡಿಯ ಹುಡುಗನಿಗಿಂತ ಚೆನ್ನಾಗಿ ಬಲ್ಲವರುಂಟೆ? 1865ರಲ್ಲಿ ವೈಟ್‌ಚಾಪೆಲಿನ ಹಳೆಯ ಸ್ಮಶಾನಭೂಮಿಯೊಂದರಲ್ಲಿ ಡೇರೆ ಹಾಕಿ ಉಪದೇಶವನ್ನಾರಂಭಿಸಿದ ಅವನ ಸಂಸ್ಥೆಯೇ 1878ರಲ್ಲಿ ಸಾಲ್ವೇಷನ್ ಆರ್ಮಿಯೆಂಬ ಹೆಸರನ್ನು ತಾಳಿತು. ಮೊದಲು ಅದು ಆತ್ಮೋದ್ಧಾರದ ಸೇನೆ. ಅನ್ನದ ವಿಚಾರ ಪ್ರಧಾನವಾದದ್ದು ಅನಂತರ. 1887ರ ಒಂದು ರಾತ್ರಿ ಊರಿಗೆ ಹಿಂದಿರುಗುತ್ತ ಲಂಡನ್ ಸೇತುವೆಯ ಮೇಲೆ ಮನೆಯಿಲ್ಲದವರು ಚಳಿಯಲ್ಲಿ ಮುದುಡಿ ಮಲಗಿದ್ದುದನ್ನು ಕಂಡ ಅವನು, ಬೆಳಗಾಗುತ್ತಲೇ ಮಗ ಬ್ರ್ಯಾಮ್‌ವೆಲ್ಲನನ್ನು ಕರೆದು ಏನಾದರೂ ಮಾಡೆಂದು ಆಜ್ಞಾಪಿಸಿದನೆಂದೂ, ವಿಚಾರಿಸದೆ ಕೊಡುವ ದಾನದ ದೋಷಗಳನ್ನು ಮಗನು ಹೇಳತೊಡಗಿದಾಗ ಅದಕ್ಕೆ ಕಿವಿಗೊಡದೆ, ಒಂದು ಉಗ್ರಾಣವನ್ನು ಹಿಡಿದು ಬೆಚ್ಚಗೆ ಮಾಡು ಎಂದನೆಂದೂ ಆ ಸೇನೆಯವರು ಹೇಳುತ್ತಾರೆ. ಮರುವರ್ಷ ಲೈಮ್‌ಹೌಸಿನಲ್ಲಿ ಅಗ್ಗದ ಊಟದ ಮನೆಯೂ ತಂಗುದಾಣವೂ ತೆರೆದವು. ನಾಲ್ಕು ಪೆನ್ನಿಗೆ ರಾತ್ರಿಯ ಊಟ, ಹಾಸಿಗೆ, ಬೆಳಗಿನ ಉಪಾಹಾರ. ಮಕ್ಕಳಿಗೆ ಅರ್ಧ ಪೆನ್ನಿಗೆ ಸೂಪು ರೊಟ್ಟಿ.

1890ರ ಅಕ್ಟೋಬರಿನಲ್ಲಿ, ಹೆಂಡತಿ ಕ್ಯಾಥರೀನಳು ತೀರಿಕೊಂಡ ತಿಂಗಳಲ್ಲೇ, ಅವನ ದೊಡ್ಡ ಗ್ರಂಥವು ಪ್ರಕಟವಾಯಿತು. ಅದರಲ್ಲಿ ಅವನು ಮುಂದಿಟ್ಟ ಒಂದು ವಾದಕ್ಕೆ ಇಂದಿನವರೆಗೂ ಪ್ರತಿವಾದ ಬಂದುದನ್ನು ನಾನು ಕಂಡಿಲ್ಲ. ಲಂಡನ್ನಿನ ಬಾಡಿಗೆ ಗಾಡಿಯ ಕುದುರೆ ಬೀದಿಯಲ್ಲಿ ಕುಸಿದು ಬಿದ್ದರೆ, ಅದು ತನ್ನ ತಪ್ಪಿನಿಂದ ಬಿದ್ದಿತೇ, ಗಾಡಿಯವನ ತಪ್ಪಿನಿಂದಲೇ ಎಂದು ಯಾರೂ ವಾದಿಸುತ್ತ ನಿಲ್ಲುವುದಿಲ್ಲ. ಮೊದಲು ಎತ್ತಿ ನಿಲ್ಲಿಸುತ್ತಾರೆ. ಬದುಕಿರುವಷ್ಟು ಕಾಲ ಅದಕ್ಕೆ ಮೇವು, ಲಾಯ, ಕೆಲಸ ಮೂರೂ ಉಂಟು. ಆ ನಗರದ ಮನುಷ್ಯನಿಗೆ ಇವೊಂದೂ ಇಲ್ಲ. ಕುದುರೆಗೆ ಸಲ್ಲುವಷ್ಟು ಹಕ್ಕು ಅವನಿಗೂ ಸಲ್ಲಲಿ, ಎಂದು ಅವನು ಕೇಳಿದ್ದು ಇಷ್ಟೆ. ಜಟಕಾ ಕುದುರೆ ಬಿದ್ದಾಗ ನಮ್ಮ ಬೀದಿಗಳಲ್ಲಿಯೂ ದಾರಿಹೋಕರು ಓಡಿಬಂದು ನೊಗಕ್ಕೆ ಹೆಗಲುಕೊಡುತ್ತಿದ್ದುದನ್ನು ಕಂಡ ನಮ್ಮಂಥವರಿಗೆ ಈ ಮಾತು ಥಟ್ಟನೆ ಮನಮುಟ್ಟುತ್ತದೆ.

ಒಂದು ಲಕ್ಷ ಪೌಂಡು ಬೇಕೆಂದು ಬೂತನು ಕೇಳಿದಾಗ ಪಂಡಿತರೆಲ್ಲ ಎದ್ದುನಿಂತರು. ಲಾಕನು ಒಂದು ಪುಸ್ತಕವನ್ನೇ ಬರೆದು, ಇದರಿಂದ ದಾರಿದ್ರ್ಯ ವರ್ಧಿಸುವುದೆಂದು ಎಚ್ಚರಿಸಿದನು. ವಿಜ್ಞಾನಿ ಹಕ್ಸ್ಲಿ 'ಟೈಮ್ಸ್' ಪತ್ರಿಕೆಗೆ ಸಾಲುಸಾಲಾಗಿ ಪತ್ರಗಳನ್ನು ಬರೆದನು. ಹಕ್ಸ್ಲಿಯ ಆಕ್ಷೇಪ ಬೇರೆ ಬಗೆಯದು; ಒಬ್ಬ ಮನುಷ್ಯನ ಏಕಾಧಿಪತ್ಯಕ್ಕೆ ಒಳಗಾದ ಸೇನೆಯ ಕೈಗೆ ಇಷ್ಟು ಹಣ ಹೋಗಬಾರದೆಂದು ಅವನು ಹೇಳಿದುದರಲ್ಲಿ ಹುರುಳಿಲ್ಲದೆ ಇರಲಿಲ್ಲ, ಮತ್ತು ಯೌವನದಲ್ಲಿ ಲಂಡನ್ನಿನ ನದೀತೀರದ ಬಡಕೇರಿಯಲ್ಲಿ ವೈದ್ಯನ ಕೈಕೆಳಗೆ ಕೆಲಸ ಮಾಡಿ ಹಸಿವನ್ನು ಕಣ್ಣಾರೆ ಕಂಡಿದ್ದ ಅವನನ್ನು ಹೃದಯಹೀನನೆನ್ನಲಾಗದು. ಆದರೆ ಲಾಕನ ಎಚ್ಚರಿಕೆಯ ಗತಿ ಏನಾಯಿತು? ಅದನ್ನು ಬೆಂಕಿಕಡ್ಡಿಯ ಕಥೆಯಿಂದ ತಿಳಿಯಬಹುದು.

ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಬೆಂಕಿಕಡ್ಡಿಯ ಕಾರ್ಖಾನೆಗಳಿದ್ದವು. ಬಿಳಿಯ ರಂಜಕದ ಹೊಗೆ ಹುಳುಕುಹಲ್ಲಿನ ಮೂಲಕ ಒಳಸೇರಿ, ಅಲ್ಲಿ ದುಡಿಯುವವರ ದವಡೆಯೆಲುಬು ಕೊಳೆತು ನಾರುತ್ತಿತ್ತು. ಅದನ್ನು ಕತ್ತರಿಸಿ ತೆಗೆಯದಿದ್ದರೆ ಮರಣ. ಮುಂದೆ ನಮ್ಮ ದೇಶಕ್ಕೆ ಬಂದು ಹೋಂ ರೂಲ್ ಚಳವಳಿಯನ್ನು ಕಟ್ಟಿದ ಅನ್ನಿ ಬೆಸೆಂಟಮ್ಮನವರು ಲೇಖನ ಬರೆದು ಬಯಲಿಗೆಳೆದ ಮೇಲೆ, 1888ರಲ್ಲಿ ಅಲ್ಲಿಯ ಹುಡುಗಿಯರು ಮುಷ್ಕರ ಹೂಡಿದ್ದರು. ಬೂತನ ಸೇನೆಯ ಹೆಂಗಸರು ಆ ಓಣಿಗಳಲ್ಲೇ ಬಾಡಿಗೆ ಹಿಡಿದು ವಾಸವಾಗಿದ್ದು, ಕೊಳೆತ ದವಡೆಯವರಿಗೆ ಸೂಪು ಕುಡಿಸಿದವರು, ಮಕ್ಕಳು ಊಟವಿಲ್ಲದೆ ಕಡ್ಡಿಪೊಟ್ಟಣ ಅಂಟಿಸುತ್ತಿದ್ದುದನ್ನು ಅದೇ ಕೋಣೆಯ ನೆಲದ ಮೇಲೆ ಕುಳಿತು ಕಂಡವರು. ಈ ಕುಟುಂಬ ಅರ್ಹವೇ ಎಂಬ ಪ್ರಶ್ನೆ ಅವರಿಗೆ ಏಳಲಿಲ್ಲ. ಎದ್ದದ್ದು ಇನ್ನೊಂದು ಪ್ರಶ್ನೆ, ಕಡ್ಡಿಗೆ ಇಷ್ಟು ಕಡಮೆ ಕೂಲಿ ಏಕೆ, ಬಿಳಿಯ ರಂಜಕವೇ ಏಕೆ ಎಂಬುದು. 1891ರಲ್ಲಿ ಸೇನೆಯು ಅದೇ ಭಾಗದಲ್ಲಿ ತನ್ನದೇ ಕಾರ್ಖಾನೆಯನ್ನು ತೆರೆಯಿತು; ಅಪಾಯವಿಲ್ಲದ ಕೆಂಪು ರಂಜಕ, ಬೇರೆಡೆ 144 ಪೊಟ್ಟಣಕ್ಕೆ ಎರಡೂವರೆ ಪೆನ್ನಿ ಕೂಡ ಕಷ್ಟವಾಗಿದ್ದಾಗ ಅಲ್ಲಿ ನಾಲ್ಕು ಪೆನ್ನಿ. ಪೈಪೋಟಿಯಲ್ಲಿ ಆ ಕಾರ್ಖಾನೆ ಹತ್ತು ವರ್ಷವಷ್ಟೇ ನಡೆಯಿತು. ಆದರೆ ಅದನ್ನು ಮುಚ್ಚುವ ಹೊತ್ತಿಗೆ ಹುಡುಗಿಯರು ಮುಷ್ಕರ ಹೂಡಿದ್ದ ದೊಡ್ಡ ಕಾರ್ಖಾನೆಯೂ ಬಿಳಿಯ ರಂಜಕವನ್ನು ಬಿಟ್ಟಿತ್ತು. 1908ರಲ್ಲಿ ಪಾರ್ಲಿಮೆಂಟು ಅದನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಸಂಘದ ವಿಚಾರಕರು ಇದೇ ಓಣಿಗಳಲ್ಲಿ ವರ್ಷಾಂತರಗಳಿಂದ ಕಡತಗಳನ್ನು ತುಂಬಿಸುತ್ತಿದ್ದರಲ್ಲವೆ? ಅವರ ಪ್ರಶ್ನಾವಳಿಯಲ್ಲಿ ಕುಡಿತಕ್ಕೆ ಕಲಮಿತ್ತು, ರಂಜಕಕ್ಕೆ ಇರಲಿಲ್ಲ. ತೂಗುವವನ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ ನೆಟ್ಟಿರುತ್ತದೆ. ಬಡಿಸುವವನು ಉಣ್ಣುವವನ ಮುಖವನ್ನು ನೋಡಲೇಬೇಕಾಗುತ್ತದೆ. ವಿಚಾರಿಸಿ ಕೊಡುವುದರಿಂದ ಬಡತನದ ನಿಜವಾದ ಕಾರಣ ತಿಳಿಯುವುದೆಂಬ ಮಾತು ಚರಿತ್ರೆಗೆ ವಿರುದ್ಧವಾದುದು.

ಬೂತನನ್ನು ನಾನು ಮೂರ್ತಿಯನ್ನಾಗಿ ನಿಲ್ಲಿಸುತ್ತಿಲ್ಲ. ಸೇತುವೆಯ ಮೇಲೆ ಮಲಗಿದವರಿಗೆ ಛಾವಣಿ ಹುಡುಕೆಂದ ಅದೇ ಉಸಿರಿನಲ್ಲಿ, ಮುದ್ದುಮಾಡಿ ಕೆಡಿಸಬೇಡವೆಂದೂ ಅವನು ಮಗನಿಗೆ ಹೇಳಿದನಂತೆ. ನಾಲ್ಕು ಪೆನ್ನಿಯಿಲ್ಲದವನಿಂದ ಸೌದೆ ಸೀಳಿಸುವ ಏರ್ಪಾಟು, ಪಟ್ಟಣದಿಂದ ಹೊಲಕ್ಕೆ, ಹೊಲದಿಂದ ಕಡಲಾಚೆಯ ವಸಾಹತಿಗೆ ಬಡವರನ್ನು ಸೇನೆಯ ಶಿಸ್ತಿನಲ್ಲಿ ಸಾಗಿಸುವ ಯೋಜನೆ, ಇವುಗಳಲ್ಲಿ ಮುಂಬಾಗಿಲಿನಿಂದ ಹೊರಹಾಕಿದ ತಕ್ಕಡಿಯೇ ಹಿತ್ತಿಲ ಬಾಗಿಲಿನಿಂದ ಒಳಬಂದಂತಾಯಿತು. ಅಷ್ಟರಮಟ್ಟಿಗೆ ಅವನೂ ತಪ್ಪಿದನು. ಇನ್ನು ಮತಪ್ರಚಾರದ ಮಾತು. ಈ ಸೇವೆಯೆಲ್ಲ ಮತಾಂತರದ ಗಾಳವೆಂದು ನಮ್ಮಲ್ಲಿ ಅನೇಕರು ಶಂಕಿಸುತ್ತಾರೆ. ಶಂಕೆಗೆ ಕಾರಣವೇ ಇಲ್ಲವೆಂದು ಹೇಳಲಾರೆ. 1840ರ ದಶಕದ ಐರ್ಲೆಂಡಿನ ಮಹಾಕ್ಷಾಮದಲ್ಲಿ ಕೆಲವೆಡೆ ಮತ ಬದಲಿಸಿದವರಿಗೇ ಸೂಪು ಎಂಬ ಷರತ್ತಿತ್ತೆಂಬ ಆರೋಪವು ಆ ಜನರ ನಾಲಗೆಯಲ್ಲಿ ಇಂದಿಗೂ ಬೈಗುಳವಾಗಿ ಉಳಿದಿದೆ. ಅಂಥ ಷರತ್ತನ್ನು ನಾನು ಲಾಕನ ಷರತ್ತಿಗಿಂತ ಒಂದು ಗುಲಗಂಜಿಯಷ್ಟೂ ಕಡಮೆ ಖಂಡಿಸುವುದಿಲ್ಲ. ನೀನು ದುಡಿಯುವವನೇ ಎಂದು ಕೇಳಿ ಬಡಿಸುವುದೂ, ನೀನು ನಮ್ಮವನಾಗುವೆಯಾ ಎಂದು ಕೇಳಿ ಬಡಿಸುವುದೂ ಒಂದೇ ಪಾಪದ ಎರಡು ರೂಪಗಳು. ಆದರೆ ಷರತ್ತಿಲ್ಲದೆ ಬಡಿಸಿದವನನ್ನು, ಅವನ ಕೊರಳಲ್ಲಿ ಶಿಲುಬೆಯಿದೆಯೆಂಬ ಒಂದೇ ಕಾರಣಕ್ಕೆ ಅನುಮಾನಿಸುವವರು, ದಾನಿಯ ಪಾತ್ರತೆಯನ್ನು ತೂಗತೊಡಗಿದ್ದಾರೆ, ಅಷ್ಟೆ.

ಈ ವಾದದಲ್ಲಿ ನನಗೆ ಅತ್ಯಂತ ಪ್ರಿಯನಾದ ಸಾಕ್ಷಿ ಸ್ಯಾಮ್ಯುಅಲ್ ಬಾರ್ನೆಟ್ ಎಂಬ ಪಾದ್ರಿ. ಅವನು ಮೊದಲು ಎದುರುಪಕ್ಷದವನು. 1873ರಲ್ಲಿ ನವವಧು ಹೆನ್ರಿಯೆಟಾಳೊಡನೆ ವೈಟ್‌ಚಾಪೆಲಿನ ಸಂತ ಜೂಡನ ಚರ್ಚಿಗೆ, ತನ್ನ ಪ್ರಾಂತದಲ್ಲೇ ಅತ್ಯಂತ ಕೆಟ್ಟದೆಂದು ಬಿಷಪ್ಪನೇ ಹೇಳಿದ್ದ ಪ್ಯಾರಿಷ್ಷಿಗೆ, ತಾನಾಗಿ ಒಪ್ಪಿಬಂದವನು. ಸಂಘದ ತತ್ತ್ವವನ್ನು ಮನಸಾರೆ ನಂಬಿ, ಬಾಗಿಲಿಗೆ ಬಂದವರಿಗೆ ಏನೂ ಕೊಡಕೂಡದೆಂದು ನಿಯಮ ಮಾಡಿದನು. ಜನ ಸಿಟ್ಟಿಗೆದ್ದು ಮನೆಯ ಕಿಟಕಿಗಳಿಗೆ ಕಲ್ಲೆಸೆದರು. ಪೊಲೀಸರನ್ನು ಕರೆತರಲು ಅನುಕೂಲವಾಗಲೆಂದು ಮನೆಯಿಂದ ಚರ್ಚಿಗೆ ಒಂದು ಬಾಗಿಲನ್ನೇ ತೆರೆಸಬೇಕಾಯಿತು. ಆದರೂ ಅವನು ಆ ಓಣಿಯನ್ನು ಬಿಟ್ಟುಹೋಗಲಿಲ್ಲ, ಮತ್ತು ಅಲ್ಲಿ ವಾಸಿಸುವವನಾದುದರಿಂದ ನೋಡದೆ ಇರಲೂ ಆಗಲಿಲ್ಲ. ವರ್ಷಗಳು ಕಳೆದಂತೆ, ಮಿತವ್ಯಯವನ್ನು ಬೋಧಿಸಿದ್ದ ಅದೇ ಬಾಯಿಂದ ವೃದ್ಧರಿಗೆ ಸರ್ಕಾರವೇ ವೇತನ ಕೊಡಬೇಕೆಂದು ವಾದಿಸತೊಡಗಿದನು. 1895ರಲ್ಲಿ ಆ ಸಂಘದ ಸಭೆಯಲ್ಲೇ ನಿಂತು, ನಿಮ್ಮ ತತ್ತ್ವಗಳನ್ನು ನೀವು ವಿಗ್ರಹಗಳಂತೆ ಪೂಜಿಸುತ್ತಿದ್ದೀರಿ ಎಂಬ ಅರ್ಥ ಬರುವಂತೆ, ಹಳೆಯ ಮಿತ್ರರನ್ನು ವಿಮರ್ಶಿಸಿದನು. ಇಪ್ಪತ್ತು ವರ್ಷದ ಸ್ನೇಹವನ್ನು ಒಂದು ಸತ್ಯಕ್ಕಾಗಿ ಪಣವಿಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ದಾನಧರ್ಮವು ನ್ಯಾಯವನ್ನು ಮುಂದೂಡುತ್ತದೆ, ಬಡವನ ಕೋಪಕ್ಕೆ ಸೂಪು ಕುಡಿಸಿ ಮಲಗಿಸುತ್ತದೆ ಎಂದು ಎಡಗಡೆಯಿಂದ ಬರುವ ಆಕ್ಷೇಪಕ್ಕೂ ಬಾರ್ನೆಟ್ಟನೇ ಉತ್ತರ. ಚರ್ಚಿನ ಪಕ್ಕದಲ್ಲಿ ಅವನು ಕಟ್ಟಿಸಿ, 1884ರ ಕ್ರಿಸ್‌ಮಸ್ಸಿನ ಹಿಂದಿನ ದಿನ ತೆರೆದ ಟಾಯ್ನ್‌ಬೀ ಹಾಲಿನಲ್ಲಿ ವಿಶ್ವವಿದ್ಯಾಲಯದ ತರುಣರು ಬಂದು ಬಡವರ ನಡುವೆ ವಾಸಿಸುತ್ತಿದ್ದರು. ಅಲ್ಲಿ ಉಪಾಧ್ಯಕ್ಷನಾಗಿದ್ದ ವಿಲಿಯಂ ಬೆವರಿಡ್ಜನೇ 1942ರ ಸಾಮಾಜಿಕ ವಿಮೆಯ ವರದಿಯನ್ನು ಬರೆದವನು. ಕೆಲಕಾಲ ಅದರ ಕಾರ್ಯದರ್ಶಿಯಾಗಿದ್ದ ಕ್ಲೆಮೆಂಟ್ ಆಟ್ಲಿ, ಅದಕ್ಕೂ ಮುಂಚೆ ಸ್ಟೆಪ್ನಿಯ ಬಡ ಹುಡುಗರ ಕ್ಲಬ್ಬಿನಲ್ಲಿ ಸೇವೆಗೆಂದು ಹೋಗಿ ತನ್ನ ರಾಜಕೀಯ ನಂಬಿಕೆಯನ್ನೇ ಬದಲಿಸಿಕೊಂಡು ಬಂದವನು. 1945ರಲ್ಲಿ ಪ್ರಧಾನಿಯಾಗಿ ಆ ವರದಿಯನ್ನು ಕಾರ್ಯಗತಗೊಳಿಸಿದವನು. 1889ರಲ್ಲಿ ಗಂಟೆಗೆ ಆರು ಪೆನ್ನಿ ಕೂಲಿಗಾಗಿ ಹಡಗುಕಟ್ಟೆಯವರು ಐದು ವಾರ ಮುಷ್ಕರ ಹೂಡಿದಾಗ ಬೂತನ ಊಟದ ಮನೆಗಳು ಮುಷ್ಕರಗಾರರಿಗೆ ಅಗ್ಗದಲ್ಲಿ ಬಡಿಸಿದವು. ಎಂಬತ್ತು ದಾಟಿದ ಕ್ಯಾಥೊಲಿಕ್ ಕಾರ್ಡಿನಲ್ ಮ್ಯಾನಿಂಗನು ಮಧ್ಯಸ್ಥನಾಗಿ ನಿಂತು ಅವರಿಗೆ ಆ ಆರು ಪೆನ್ನಿಯನ್ನು ಕೊಡಿಸಿದನು. ಟಾಯ್ನ್‌ಬೀ ಹಾಲು ತೆರೆದ ದಿನಕ್ಕೆ ಸರಿಯಾಗಿ ಇಪ್ಪತ್ತೈದು ವರ್ಷಗಳಾದಾಗ, 1909ರ ಅದೇ ದಿನ, ಟೊಯೊಹಿಕೊ ಕಾಗವಾ ಎಂಬ ಇಪ್ಪತ್ತೊಂದರ ಜಪಾನೀ ತರುಣನು ಕೋಬೆ ಪಟ್ಟಣದ ಷಿಂಕಾವಾ ಕೊಳೆಗೇರಿಯ ಗೂಡಿನಂಥ ಮನೆಗೆ ಬಂದು ಸೇರಿದನು. ಬಂದವರೆಲ್ಲರೊಡನೆ ಹಾಸಿಗೆಯನ್ನು ಹಂಚಿಕೊಂಡು ಕಣ್ಣಿನ ರೋಗವನ್ನು ಅಂಟಿಸಿಕೊಂಡನು. ಅದೇ ಮನುಷ್ಯ 1921ರಲ್ಲಿ ಕೋಬೆಯ ಹಡಗುಕಟ್ಟುವ ಕೆಲಸಗಾರರ ಮುಷ್ಕರದ ಮುಂದಾಳಾಗಿ ಸೆರೆಮನೆಗೆ ಹೋದನು. ತೂಗದೆ ಬಡಿಸಿದವರು ನ್ಯಾಯವನ್ನು ಮುಂದೂಡಲಿಲ್ಲ. ಮುಂದೂಡಿದವರು ಯಾರು? 70 ವರ್ಷ ದಾಟಿದವರಿಗೆ ವಾರಕ್ಕೆ 5 ಷಿಲಿಂಗ್ ಕೊಡುವ ವೃದ್ಧಾಪ್ಯವೇತನವನ್ನೂ, ಶಾಲೆಯ ಮಕ್ಕಳ ಉಚಿತ ಊಟವನ್ನೂ, ಜನ ಕೆಡುತ್ತಾರೆಂದು ಕಟ್ಟಕಡೆಯವರೆಗೆ ವಿರೋಧಿಸಿದ್ದು ಲಾಕನ ಸಂಘ. ಅವರ ನೆರಳು 1908ರ ವೇತನದ ಕಾನೂನಿನ ಮೇಲೂ ಬಿದ್ದಿತು: ಶಕ್ತಿಯಿದ್ದಾಗ ದುಡಿಯುವ ಅಭ್ಯಾಸವಿಲ್ಲದೆ ಇದ್ದವರಿಗೆ ವೇತನವಿಲ್ಲವೆಂಬ ಕಲಮು ಅದರೊಳಗೆ ಸೇರಿತ್ತು. ಎಪ್ಪತ್ತು ವರ್ಷದ ಬಾಳನ್ನು ತೂಗುವ ತಕ್ಕಡಿ ಯಾವ ಅಂಚೆಕಚೇರಿಯಲ್ಲಿದ್ದೀತು? ಮುಂದೆ ಆ ಕಲಮನ್ನು ಕೈಬಿಟ್ಟರು.

ಮೋಸಹೋಗುವುದಿಲ್ಲವೆ ಎಂದರೆ, ಹೋಗುತ್ತೇವೆ. ಅದನ್ನು ಮುಚ್ಚಿಟ್ಟು ವಾದಿಸುವುದು ನನಗೆ ಬೇಕಿಲ್ಲ. ಒಬ್ಬ ವಂಚಕನ ಕೈಗೆ ಒಂದು ಕಂಬಳಿ ಹೋಗುವುದು ನಷ್ಟವೇ ಸರಿ. ಅದನ್ನು ತಡೆಯುವುದಕ್ಕಾಗಿ ಉಳಿದವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿ, ನೆರೆಯವರ ಮುಂದೆ ಮನೆಯ ಗುಟ್ಟನ್ನು ಬಿಚ್ಚಿಸುವುದರಿಂದಾಗುವ ನಷ್ಟವನ್ನು ಯಾರ ಲೆಕ್ಕದಲ್ಲಿ ಬರೆಯಬೇಕು?

ನಾನು ಹೇಳಿದ ಆ ಸಮಿತಿಯಲ್ಲಿ ಮರುವರ್ಷ ಹೊಸ ಪಾದ್ರಿಯೊಬ್ಬರು ಬಂದರು. ಮಾತು ಕಡಮೆಯ ಮನುಷ್ಯರು. ಹಿಂದಿನ ವರ್ಷದ ಪ್ರಶ್ನಾವಳಿಯನ್ನು ಅವರ ಕೈಗಿತ್ತಾಗ ಓದಿ ನೋಡಿ, ಮಡಿಸಿ, ಈ ಸಲ ಇದು ಬೇಡ ಎಂದರು. ಕಂಬಳಿಗಳು ಒಂದೇ ಸಂಜೆಗೆ ಮುಗಿದವು. ಎರಡು ಸಲ ಸಾಲಿಗೆ ಬಂದವರೂ ಇದ್ದರು; ಅವರಲ್ಲಿ ಇಬ್ಬರನ್ನು ನಾನೇ ಗುರುತಿಸಿದೆ, ಮತ್ತೆ ಕೊಟ್ಟೆ, ಅದನ್ನು ಅವರು ಏನು ಮಾಡಿದರೆಂದು ವಿಚಾರಿಸಲಿಲ್ಲ. ಹಿಂದಿನ ಮಾಗಿಯಲ್ಲಿ ಸಾಲು ಬಿಟ್ಟುಹೋದ ಹೆಂಗಸು ಬಂದಾಳೇನೋ ಎಂದು ಕೊನೆಯವರೆಗೂ ನೋಡುತ್ತಿದ್ದೆ. ಬಂದಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಂದು ಆಕೆಯ ಗಂಡನ ಹೆಸರು, ಮನೆಯ ಬಾಡಿಗೆ, ಮಕ್ಕಳ ಸಂಖ್ಯೆ ಎಲ್ಲವನ್ನೂ ಬರೆದುಕೊಂಡಿದ್ದ ನಾನು ಆಕೆಯ ಮುಖವನ್ನು ಸರಿಯಾಗಿ ನೋಡಿರಲಿಲ್ಲ.